ಗಾಡಿ ಕಟ್ಟಿದವರ ಮಾತು

ಮೋಟಾರು ಗಾಡಿಗಳ ವಿಷಯದಲ್ಲಿ ನಾನು ಪಾಮರನೆಂದು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. ಷಟ್ಪದಿಯಲ್ಲಿ ಒಂದು ಮಾತ್ರೆ ತಪ್ಪಿದರೆ ಕಿವಿಗೆ ತಿಳಿಯುತ್ತದೆ; ಇಂಜಿನ್ನಿನಲ್ಲಿ ಏನು ತಪ್ಪಿದರೂ ತಿಳಿಯದು. ಅಂಥವನು ಒಂದು ಹಳೆಯ ಕಾರಿನ ಮುಂದೆ ಅರ್ಧ ಹಗಲು ನಿಂತು, ಆಮೇಲೆ ಅದನ್ನು ಕಟ್ಟಿದವರ ಚರಿತ್ರೆಯನ್ನು ಹುಡುಕಿಕೊಂಡು ಹೋದನೆಂದರೆ ಅದಕ್ಕೆ ಕಾರಣ ಕಾರಿನ ಹೊಳಪಲ್ಲ, ಅದರ ಗಾಜಿಗೆ ಒಳಗಡೆಯಿಂದ ಅಂಟಿಸಿದ್ದ ಒಂದು ಹಾಳೆ ಕಾಗದ.

ಬೇಸಗೆಯ ರಜೆಯಲ್ಲಿ ಷಿಕಾಗೋ ನಗರದ ಸಮೀಪ ತಂಗಿಯ ಮನೆಗೆ ಹೋಗಿದ್ದೆ. ಒಂದು ಭಾನುವಾರ ಅವಳ ಗಂಡ ನನ್ನನ್ನು ಅಲ್ಲಿಂದ ಪೂರ್ವಕ್ಕೆ ಸುಮಾರು ನೂರೈವತ್ತು ಕಿಲೋಮೀಟರು ದೂರದ ಸೌತ್ ಬೆಂಡ್ ಎಂಬ ಊರಿಗೆ ಕರೆದೊಯ್ದರು. ಇಂಡಿಯಾನಾ ಸಂಸ್ಥಾನಕ್ಕೆ ಸೇರಿದ ಊರು. ಸೇಂಟ್ ಜೋಸೆಫ್ ಎಂಬ ನದಿ ಅಲ್ಲಿ ದಕ್ಷಿಣಕ್ಕೆ ಬಾಗಿ ಮತ್ತೆ ಉತ್ತರಕ್ಕೆ ತಿರುಗುತ್ತದೆ. ಆ ಬಾಗಿನಿಂದಲೇ ಊರಿಗೆ ಹೆಸರು. ನದಿಯ ಹತ್ತಿರದ ಒಂದು ಮೈದಾನದಲ್ಲಿ ಅಂದು ಹಳೆಯ ಕಾರುಗಳ ಜಾತ್ರೆ ನೆರೆದಿತ್ತು. ಮರದ ನೆರಳಿನಲ್ಲಿ ಒಂದು ಕಾರು ಮಾರಾಟಕ್ಕೆ ನಿಂತಿತ್ತು: 1950ರ ಸ್ಟುಡಿಬೇಕರ್ ಚಾಂಪಿಯನ್, ಮೇಲ್ಹೊದಿಕೆಯನ್ನು ಹಿಂದಕ್ಕೆ ಮಡಚಬಹುದಾದ ಕನ್ವರ್ಟಿಬಲ್.

ಅದರ ಮೂತಿಯನ್ನು ಒಮ್ಮೆ ಕಂಡವರು ಮರೆಯಲಾರರು. ಮಿಕ್ಕ ಕಾರುಗಳಿಗೆ ಹಲ್ಲಿನಂಥ ಕಂಬಿಗಳಿರುವ ಜಾಗದಲ್ಲಿ ಇದಕ್ಕೆ ವಿಮಾನದ ಮೂಗಿನಂಥ ದುಂಡನೆಯ ಗುಬುಟು. ಆರು ಸಿಲಿಂಡರು, 85 ಕುದುರೆಶಕ್ತಿ. ಏರಿನಲ್ಲಿ ನಿಂತ ಗಾಡಿ ಹೊರಡುವಾಗ ಹಿಂದಕ್ಕೆ ಜಾರದಂತೆ ತಡೆಯುವ ಒಂದು ಉಪಾಯವೂ ಅದರಲ್ಲಿದೆಯೆಂದು ಒಡೆಯರು ಹೇಳಿದರು. ಎಂಬತ್ತರ ಅಂಚಿನಲ್ಲಿದ್ದ ಆ ಹಿರಿಯರು ಒಂದು ಹೊಲದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಗಾಡಿಯನ್ನು ತಂದು, ಏಳು ವರ್ಷ ಕೈಯಾರೆ ದುಡಿದು, ಈ ರೂಪಕ್ಕೆ ತಂದಿದ್ದರು. ಈಗ ಮೊಣಕಾಲು ಮಾತು ಕೇಳುವುದಿಲ್ಲ, ಮನೆಯಲ್ಲಿ ಮುಂದೆ ನೋಡಿಕೊಳ್ಳುವವರಿಲ್ಲ, ಅದಕ್ಕೆಂದು ಮಾರಾಟ.

ಇನ್ನು ಆ ಕಾಗದ. ಅದರಲ್ಲಿ ಎರಡು ಪಟ್ಟಿಗಳಿದ್ದವು. ಮೊದಲನೆಯದು ಮಾಡಿದ ಕೆಲಸಗಳದು: ಬಣ್ಣ, ಚರ್ಮದ ಆಸನ, ಹೊದಿಕೆಯ ಬಟ್ಟೆ, ಕ್ರೋಮಿಯಂ ಲೇಪ. ಎರಡನೆಯ ಪಟ್ಟಿ ಅದಕ್ಕಿಂತ ಉದ್ದ. ಎಡಗಡೆಯ ಬಾಗಿಲು ಬೇರೊಂದು ಗಾಡಿಯದು, ನೆಲದ ತಗಡು ಹೊಸದಾಗಿ ಬೆಸೆದದ್ದು, ಗಡಿಯಾರ ನಡೆಯುವುದಿಲ್ಲ, ಜೋರು ಮಳೆ ಬಂದರೆ ಹೊದಿಕೆಯ ಬಲ ಮೂಲೆಯಿಂದ ಹನಿ ಬೀಳುತ್ತದೆ. ಮಾರುವವನು ಸರಕಿನ ದೋಷವನ್ನು ತಾನಾಗಿ ಬರೆದು ಅಂಟಿಸಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಹೀಗೆ ಬರೆದರೆ ಬೆಲೆ ಇಳಿಯುವುದಿಲ್ಲವೇ ಎಂದು ಕೇಳಿದೆ. ಇಳಿಯುತ್ತದೆ, ಆದರೆ ಕೊಂಡವನು ಮಳೆಗಾಲದಲ್ಲಿ ತನ್ನನ್ನು ನೆನೆಸಿಕೊಂಡು ಬಯ್ಯುವುದು ತಪ್ಪುತ್ತದೆ ಎಂದು ನಕ್ಕರು.

ಆ ನಗುವನ್ನು ನೆನಪಿನಲ್ಲಿಟ್ಟುಕೊಂಡೇ ನಾನು ಆ ಊರಿನ ಸ್ಟುಡಿಬೇಕರ್ ವಸ್ತುಸಂಗ್ರಹಾಲಯಕ್ಕೆ ಹೋದೆ. ಊರಿಗೆ ಮರಳಿದ ಮೇಲೂ ಆ ಕಂಪೆನಿಯ ಕಥೆಯನ್ನು ಓದಿದೆ. ಓದಿದಷ್ಟೂ ಅದು ಕಾರಿನ ಕಥೆಯಾಗಿ ಉಳಿಯಲಿಲ್ಲ. ಕೊಟ್ಟ ಮಾತಿನ ಕಥೆಯಾಯಿತು.

ಕಥೆ ಕುಲುಮೆಯಲ್ಲಿ ಆರಂಭವಾಗುತ್ತದೆ. 1852ರಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡಿಬೇಕರ್ ಎಂಬ ಅಣ್ಣತಮ್ಮಂದಿರು 68 ಡಾಲರು ಬಂಡವಾಳದಿಂದ ಸೌತ್ ಬೆಂಡಿನಲ್ಲಿ ಕಮ್ಮಾರಸಾಲೆ ತೆರೆದರು. ಕುದುರೆಗೆ ಲಾಳ ಕಟ್ಟುವುದು, ಗಾಡಿ ಮಾಡುವುದು ಕಸುಬು. ಅವರಿಗೆ ಜಾನ್ ಮೊಹ್ಲರ್ ಎಂಬ ತಮ್ಮನಿದ್ದ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಗೆ ಅಮೆರಿಕದ ಯುವಕರೆಲ್ಲ ಪಶ್ಚಿಮಕ್ಕೆ ನುಗ್ಗುತ್ತಿದ್ದ ಕಾಲ ಅದು. 1853ರಲ್ಲಿ ಈತನೂ ಹೊರಟ. ತಾನೇ ಕಟ್ಟಿದ ಒಂದು ಗಾಡಿಯನ್ನು ಪ್ರಯಾಣಿಕರ ತಂಡಕ್ಕೆ ಒಪ್ಪಿಸಿ, ಅದನ್ನೇ ದಾರಿಯ ಖರ್ಚಿಗೆ ಬದಲಾಗಿ ಕೊಟ್ಟನಂತೆ. ಪ್ಲೇಸರ್‌ವಿಲ್ ಎಂಬ ಗಣಿಯೂರಿಗೆ ತಲುಪಿದಾಗ ಚಿನ್ನ ಅಗೆಯುವವರಿಗೇನೂ ಕೊರತೆಯಿರಲಿಲ್ಲ. ಅಗೆದ ಮಣ್ಣನ್ನು ಸಾಗಿಸುವ ಒಂಟಿಚಕ್ರದ ಕೈಗಾಡಿಗಳಿಗೆ ಕೊರತೆಯಿತ್ತು. ಜಾನ್ ಗುದ್ದಲಿ ಹಿಡಿಯಲಿಲ್ಲ, ಕೈಗಾಡಿ ಮಾಡಿದ. ಐದು ವರ್ಷದಲ್ಲಿ 8,000 ಡಾಲರು ಉಳಿಸಿದ. ನೆಲ ಅಗೆದವರಲ್ಲಿ ಅನೇಕರು ಬರಿಗೈಯಲ್ಲಿ ಮರಳಿದರು; ಇವನು ಗಂಟು ಕಟ್ಟಿಕೊಂಡು 1858ರಲ್ಲಿ ಊರಿಗೆ ಬಂದ. ಬೇಸಾಯದ ಕಡೆಗೆ ಮನಸ್ಸು ತಿರುಗಿದ್ದ ಹೆನ್ರಿಯ ಪಾಲನ್ನು ಕೊಂಡು, ಕ್ಲೆಮೆಂಟನೊಡನೆ ಕೂಡಿಕೊಂಡ.

ಅಲ್ಲಿಂದ ಏಳಿಗೆ. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಉತ್ತರದ ಸೇನೆಗೆ ಗಾಡಿಗಳನ್ನು ಒದಗಿಸಿದರು. ಯುದ್ಧ ಮುಗಿದ ಮೇಲೆ ರೈತರು, ಪಶ್ಚಿಮಕ್ಕೆ ಒಕ್ಕಲು ಹೋಗುವವರು, ಊರಿನ ಶ್ರೀಮಂತರು ಎಲ್ಲರೂ ಇವರ ಗಿರಾಕಿಗಳು. ಎರಡು ಬಾರಿ ಕಾರ್ಖಾನೆಗೆ ಬೆಂಕಿ ಬಿತ್ತು. ಎರಡು ಬಾರಿಯೂ ಮತ್ತೆ ಕಟ್ಟಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಕುದುರೆಗಾಡಿ ಕಟ್ಟುವುದರಲ್ಲಿ ಪ್ರಪಂಚಕ್ಕೇ ದೊಡ್ಡವರೆನಿಸಿಕೊಂಡರು. ಹೇಳಿದ್ದಕ್ಕಿಂತ ತುಸು ಹೆಚ್ಚೇ ಕೊಡಬೇಕೆಂಬುದು ಈ ಮನೆತನದ ನೀತಿಯೆಂದು ಪ್ರಸಿದ್ಧಿ. ಹತ್ತು ವರ್ಷ ಬಾಳಬೇಕಾದ ಚಕ್ರ ಹನ್ನೆರಡು ವರ್ಷ ಬಾಳಿದರೆ ರೈತ ಇನ್ನೊಬ್ಬ ರೈತನಿಗೆ ಹೇಳುತ್ತಾನೆ. ಅದಕ್ಕಿಂತ ಒಳ್ಳೆಯ ಜಾಹೀರಾತು ಯಾವುದು?

ವಸ್ತುಸಂಗ್ರಹಾಲಯದಲ್ಲಿ ಒಂದು ಕಪ್ಪು ಸಾರೋಟಿದೆ. 1865ರ ಏಪ್ರಿಲ್ 14ರ ಸಂಜೆ ಅಬ್ರಹಾಂ ಲಿಂಕನ್ ನಾಟಕ ನೋಡಲು ಹೋದದ್ದು ಅದರಲ್ಲೇ; ಆ ರಾತ್ರಿ ಆತ ಹಿಂದಿರುಗಲಿಲ್ಲ. ಸಾರೋಟು ಸ್ಟುಡಿಬೇಕರರು ಕಟ್ಟಿದ್ದಲ್ಲ. ಆಮೇಲೆ ಕ್ಲೆಮೆಂಟ್ ಅದನ್ನು ಕೊಂಡು ತಂದು ಕಾಪಾಡಿಟ್ಟ. ಇನ್ನೊಬ್ಬರ ಕೈಕೆಲಸವನ್ನು ಗೌರವದಿಂದ ಇಟ್ಟುಕೊಳ್ಳಬಲ್ಲ ಗಾಡಿಗಾರ ಸಾಮಾನ್ಯನಲ್ಲ.

ಕುದುರೆಯಿಲ್ಲದೆ ಓಡುವ ಗಾಡಿಯ ಕಾಲ ಬಂದಾಗ ಹಳಬರಲ್ಲಿ ಎಷ್ಟೋ ಜನ ಮುಖ ತಿರುಗಿಸಿ ಕುಳಿತು ಹಾಳಾದರು. ಸ್ಟುಡಿಬೇಕರರು ಹಿಂದುಮುಂದು ನೋಡಿದರೂ ಹೆಜ್ಜೆ ಇಟ್ಟರು. ಜಾನನ ಅಳಿಯ ಫ್ರೆಡರಿಕ್ ಫಿಷ್ ಎಂಬ ವಕೀಲನ ಒತ್ತಾಯ ಇದಕ್ಕೆ ಕಾರಣ. 1902ರಲ್ಲಿ ವಿದ್ಯುತ್ತಿನಿಂದ ಓಡುವ ಕಾರು, 1904ರಲ್ಲಿ ಪೆಟ್ರೋಲು ಕಾರು ಹೊರಬಂದವು. ವಿದ್ಯುತ್ ಕಾರುಗಳನ್ನು ಮೊದಮೊದಲು ಕೊಂಡವರಲ್ಲಿ ಥಾಮಸ್ ಎಡಿಸನ್ ಒಬ್ಬ. ಕೈಗಾಡಿಯಿಂದ ಹಣ ಮಾಡಿದ ಜಾನ್ ಮೋಟಾರಿನ ಯುಗವನ್ನು ಕಣ್ಣಾರೆ ಕಂಡು 1917ರಲ್ಲಿ ತೀರಿಕೊಂಡ. 1920ರಲ್ಲಿ ಕಂಪೆನಿ ಕುದುರೆಗಾಡಿ ಕಟ್ಟುವುದನ್ನು ನಿಲ್ಲಿಸಿತು.

ಆಮೇಲಿನ ಒಡೆತನ ಮನೆತನದ ಕೈಯಿಂದ ವೃತ್ತಿನಿರತ ಆಡಳಿತಗಾರರ ಕೈಗೆ ಬಂತು. ಆಲ್ಬರ್ಟ್ ಅರ್ಸ್ಕಿನ್ ಎಂಬಾತ ಅಧ್ಯಕ್ಷನಾಗಿ ಕಂಪೆನಿಯನ್ನು ಬೆಳೆಸಿದ, ನಿಜ. ಆದರೆ 1929ರ ಅಂತ್ಯದಲ್ಲಿ ಷೇರುಪೇಟೆ ಬಿದ್ದು ದೇಶಕ್ಕೆ ದೇಶವೇ ಕೈಸುಟ್ಟುಕೊಂಡಾಗ, ಒಳ್ಳೆಯ ದಿನ ನಾಳೆಯೇ ಬರುತ್ತದೆಂದು ನಂಬಿ, ಲಾಭವಿಲ್ಲದಿದ್ದರೂ ಷೇರುದಾರರಿಗೆ ಕೂಡಿಟ್ಟ ಹಣದಿಂದಲೇ ಲಾಭಾಂಶ ಹಂಚಿದ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಇಂಡಿಯಾನಾಕ್ಕೂ ಸಲ್ಲುತ್ತದೆ. 1933ರ ಮಾರ್ಚಿಯಲ್ಲಿ ಕಂಪೆನಿ ಸಾಲ ತೀರಿಸಲಾರದೆ ನ್ಯಾಯಾಲಯ ನೇಮಿಸಿದವರ ವಶವಾಯಿತು. ಜುಲೈ 1ರಂದು ಅರ್ಸ್ಕಿನ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಹೆರಾಲ್ಡ್ ವಾನ್ಸ್ ಮತ್ತು ಪಾಲ್ ಹಾಫ್‌ಮನ್ ಎಂಬಿಬ್ಬರು ಮುರಿದ ಮನೆಯನ್ನು ಮತ್ತೆ ನಿಲ್ಲಿಸಿದರು. ಈ ಹಾಫ್‌ಮನ್ನನೇ ಮುಂದೆ 1948ರಲ್ಲಿ ಯುದ್ಧದಿಂದ ಬಡವಾಗಿದ್ದ ಯೂರೋಪಿಗೆ ನೆರವು ನೀಡುವ ಮಾರ್ಷಲ್ ಯೋಜನೆಯ ಆಡಳಿತ ವಹಿಸಿಕೊಂಡವನು.

1939ರಲ್ಲಿ ಹಗುರವಾದ, ಪೆಟ್ರೋಲು ಕಡಮೆ ಕುಡಿಯುವ ಚಾಂಪಿಯನ್ ಕಾರು ಬಂದು ಕಂಪೆನಿಗೆ ಉಸಿರು ಕೊಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಇವರ ಲಾರಿಗಳು ಸಾವಿರ ಸಾವಿರವಾಗಿ ಸೋವಿಯತ್ ರಷ್ಯಕ್ಕೆ ಹೋದವು. ಯುದ್ಧ ಮುಗಿದೊಡನೆ, ದೊಡ್ಡ ಕಂಪೆನಿಗಳೆಲ್ಲ ಯುದ್ಧಪೂರ್ವದ ಕಾರುಗಳಿಗೇ ಹೊಸ ಬಣ್ಣ ಬಳಿದು ಮಾರುತ್ತಿದ್ದಾಗ, ಸ್ಟುಡಿಬೇಕರ್ 1947ರ ಮಾದರಿಗೆ ಹೊಸ ಮೈಕಟ್ಟನ್ನೇ ತಂದಿತು. ಅದರಲ್ಲೊಂದು ಕಾರಿಗೆ ಹಿಂಬದಿಯ ಗಾಜು ಎಷ್ಟು ಅಗಲವಾಗಿ ಸುತ್ತಿಕೊಂಡಿತ್ತೆಂದರೆ ಗಾಡಿ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆಂದು ಜನ ನಗುತ್ತಿದ್ದರು, ನಗುತ್ತಲೇ ಕೊಂಡರು. ನಮ್ಮ ದೇಶದಲ್ಲಿಯೂ ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಸ್ಟುಡಿಬೇಕರ್ ಕಾರುಗಳ ಭಾಗಗಳನ್ನು ತರಿಸಿ ಜೋಡಿಸುತ್ತಿತ್ತು.

ಫ್ರಾನ್ಸಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ರೇಮಂಡ್ ಲೋವಿಯ ವಿನ್ಯಾಸಶಾಲೆ 1950ರ ಮಾದರಿಗೆ ಆ ವಿಮಾನದ ಮೂಗನ್ನು ಇಟ್ಟಿತು. ಕಂಪೆನಿಯ ಚರಿತ್ರೆಯಲ್ಲೇ ಅತ್ಯಂತ ಹೆಚ್ಚು ಕಾರುಗಳು, ಮೂರು ಲಕ್ಷಕ್ಕೂ ಮೇಲೆ, ತಯಾರಾದದ್ದು ಆ ಮಾದರಿಯ ವರ್ಷದಲ್ಲಿ. ನಾನು ಮರದಡಿಯಲ್ಲಿ ಕಂಡದ್ದು ಆ ತುಂಬು ಹೊಳೆಯ ಒಂದು ಹನಿ.

ಅದೇ 1950ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಾರ್ಮಿಕರ ಸಂಘದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಕಂಪೆನಿ, ದುಡಿದು ದಣಿದವರಿಗೆ ಪಿಂಚಣಿ ಕೊಡುವುದಾಗಿ ಮಾತು ಕೊಟ್ಟಿತು. ಹಿಂದಿನ ವರ್ಷಗಳ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆಂದಿತು. ಉದಾರವಾದ ಮಾತು. ಆದರೆ ಆ ಹಿಂದಿನ ವರ್ಷಗಳಿಗಾಗಿ ಯಾರೂ ಹಣ ತೆಗೆದಿಟ್ಟಿರಲಿಲ್ಲ. ಮುಂದಿನ ಮೂವತ್ತು ವರ್ಷಗಳಲ್ಲಿ ಕಂತು ಕಂತಾಗಿ ನಿಧಿ ತುಂಬುತ್ತದೆಂದು ಅಂದಾಜು. ಆಮೇಲಿನ ಒಪ್ಪಂದಗಳಲ್ಲಿ ಪಿಂಚಣಿಯ ಮೊತ್ತ ಏರಿತು. ತುಂಬಬೇಕಾದ ಗುಂಡಿ ಇನ್ನೂ ಆಳವಾಯಿತು. ಕೆರೆ ತುಂಬುವ ಮೊದಲೇ ತೂಬಿನ ಕೆಳಗಿನ ಗದ್ದೆಗಳಿಗೆಲ್ಲ ನೀರಿನ ಪಾಳಿ ಹಂಚಿದಂತೆ. ಮಳೆ ಬರುತ್ತಲೇ ಇರುತ್ತದೆಂದು ಭರವಸೆಯಿದ್ದಾಗ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಮಳೆ ನಿಂತಿತು. 1953ರಲ್ಲಿ ಫೋರ್ಡ್ ಮತ್ತು ಷೆವರ್ಲೆ ಒಂದರೊಡನೊಂದು ಬೆಲೆ ಇಳಿಸುವ ಕಾಳಗಕ್ಕೆ ಬಿದ್ದವು. ಎರಡಾನೆಗಳ ಕಾಲಿಗೆ ಸಣ್ಣವರೆಲ್ಲ ಸಿಕ್ಕಿದರು. ಅದೇ ವರ್ಷ ಸ್ಟುಡಿಬೇಕರ್ ಹೊರತಂದ ಎರಡು ಬಾಗಿಲಿನ ಕಾರು ಇಂದಿಗೂ ಅಮೆರಿಕದ ಅತ್ಯಂತ ಸುಂದರ ಕಾರುಗಳ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ಕಾರ್ಖಾನೆಯಲ್ಲಿ ಮುಂಭಾಗದ ತಗಡುಗಳು ಒಂದಕ್ಕೊಂದು ಕೂಡಿಬಾರದೆ ತಯಾರಿಕೆ ತಡವಾಯಿತು. ಜನ ಕೇಳಿದ ಮಾದರಿ ಸಾಕಷ್ಟಿರಲಿಲ್ಲ, ಕೇಳದ ಮಾದರಿ ಹೆಚ್ಚಾಗಿತ್ತು. 1954ರಲ್ಲಿ ಪ್ಯಾಕರ್ಡ್ ಕಂಪೆನಿಯೊಡನೆ ವಿಲೀನ. ನಷ್ಟವಿಲ್ಲದೆ ನಡೆಯಲು ಎಷ್ಟು ಕಾರು ಮಾರಬೇಕೆಂದು ಸ್ಟುಡಿಬೇಕರಿನವರು ಹೇಳಿದ್ದ ಲೆಕ್ಕ ನಿಜಕ್ಕಿಂತ ಬಹಳ ಕಡಮೆಯದೆಂದು ಪ್ಯಾಕರ್ಡಿನವರಿಗೆ ತಿಳಿದದ್ದು ಮದುವೆಯಾದ ಮೇಲೆ. 1959ರ ಲಾರ್ಕ್ ಎಂಬ ಪುಟ್ಟ ಕಾರು ಕೊಂಚ ಕಾಲ ಕೈಹಿಡಿಯಿತು; ಬಂದ ಲಾಭದಿಂದ ಕಂಪೆನಿ ಕಾರಿಗೆ ಸಂಬಂಧಿಸದ ಬೇರೆ ಬೇರೆ ಉದ್ದಿಮೆಗಳನ್ನು ಕೊಂಡಿತು. ಕೊನೆಗೆ 1963ರ ಡಿಸೆಂಬರ್ 9ರಂದು ಪ್ರಕಟಣೆ ಬಂತು: ಸೌತ್ ಬೆಂಡ್ ಕಾರ್ಖಾನೆ ಮುಚ್ಚುತ್ತದೆ. 20ರಂದು ಅಲ್ಲಿ ಕೊನೆಯ ಕಾರು ಸಿದ್ಧವಾಯಿತು. ಕ್ರಿಸ್ಮಸ್ ಹಬ್ಬಕ್ಕೆ ಐದು ದಿನ ಉಳಿದಿತ್ತು. ಸುಮಾರು ಏಳು ಸಾವಿರ ಜನರ ಕೆಲಸ ಹೋಯಿತು. ಕೆನಡಾದ ಹ್ಯಾಮಿಲ್ಟನ್ ಎಂಬಲ್ಲಿನ ಶಾಖೆ ಮಾತ್ರ 1966ರ ಮಾರ್ಚಿಯವರೆಗೆ ಕಾರು ಮಾಡಿತು.

ಆಗ ಕೆರೆಯ ಬಳಿ ಹೋಗಿ ನೋಡಿದರೆ ನೀರು ಎಲ್ಲರಿಗೂ ಸಾಲದು. ಒಪ್ಪಂದದ ಪ್ರಕಾರ, ಅದಾಗಲೇ ನಿವೃತ್ತರಾಗಿದ್ದವರಿಗೂ ಅರವತ್ತು ದಾಟಿದ್ದವರಿಗೂ ಮೊದಲ ಪಾಳಿ. ಅಂಥ ಸುಮಾರು 3,600 ಮಂದಿಗೆ ಪೂರ್ಣ ಪಿಂಚಣಿ ಸಿಕ್ಕಿತು. ಎರಡನೆಯ ಗುಂಪು ನಲವತ್ತರಿಂದ ಅರವತ್ತರೊಳಗಿನ ವಯಸ್ಸಿನ, ಕಡಮೆಯೆಂದರೆ ಹತ್ತು ವರ್ಷ ದುಡಿದವರದು. ಸುಮಾರು 4,000 ಮಂದಿ. ಅವರ ಸರಾಸರಿ ವಯಸ್ಸು 52, ಸರಾಸರಿ ಸೇವೆ 23 ವರ್ಷ. ಅವರಿಗೆ ತಮ್ಮ ಪಿಂಚಣಿಯ ಬೆಲೆಯಲ್ಲಿ ನೂರಕ್ಕೆ ಹದಿನೈದರಷ್ಟು ಒಂದೇ ಬಾರಿಗೆ ಕೈಗೆ ಬಂತು. ಉಳಿದ ಸುಮಾರು 2,900 ಮಂದಿಗೆ ಏನೂ ಇಲ್ಲ. ಇಪ್ಪತ್ತಮೂರು ವರ್ಷ ಬಾಗಿಲು, ಬಾನೆಟ್ಟು ಜೋಡಿಸಿದ ಐವತ್ತೆರಡರ ಒಬ್ಬ ಮನುಷ್ಯ ಆ ಊರಿನಲ್ಲಿ ಇನ್ನೆಲ್ಲಿ ಕೆಲಸ ಹುಡುಕಬೇಕು? ನಾನು ಆ ಎರಡನೆಯ ಗುಂಪಿನ ವಯಸ್ಸಿನವನು. ಅಂಕಿಗಳನ್ನು ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಕಾನೂನಿನ ದೃಷ್ಟಿಯಲ್ಲಿ ಕಂಪೆನಿ ಯಾವ ಅಪರಾಧವನ್ನೂ ಮಾಡಿರಲಿಲ್ಲ ಎಂಬುದು ಈ ಕಥೆಯ ಅತ್ಯಂತ ಕಹಿಯಾದ ಭಾಗ. ನಿಧಿಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ತಾನು ಹೊಣೆಯೆಂದು ಒಪ್ಪಂದದಲ್ಲೇ ಇತ್ತು. ಕಂಪೆನಿ ಆಗ ದಿವಾಳಿಯೂ ಆಗಿರಲಿಲ್ಲ. ಕಾರಿನ ಉದ್ದಿಮೆಯನ್ನು ಕಳಚಿಕೊಂಡು ಮಿಕ್ಕ ಉದ್ದಿಮೆಗಳೊಡನೆ ಬದುಕಿತ್ತು. ಪಿಂಚಣಿಯೆಂಬ ಪದವನ್ನು ಎಲ್ಲರೂ ಕೇಳಿದ್ದರು. ಹೊಣೆಯ ಮಿತಿ ಹೇಳುವ ವಾಕ್ಯವನ್ನು ಎಷ್ಟು ಜನ ಓದಿದ್ದರೋ!

ನ್ಯಾಯವಾಗಿ ಹೇಳುವುದಾದರೆ ಇದರಲ್ಲಿ ಒಬ್ಬನೇ ಖಳನಾಯಕನನ್ನು ಹುಡುಕುವುದು ಕಷ್ಟ. ಕಾರ್ಮಿಕರ ಸಂಘಕ್ಕೂ ನಿಧಿಯ ಸ್ಥಿತಿ ತಿಳಿದಿತ್ತು. ಇದ್ದ ಹಣದಲ್ಲಿ ಮುದುಕರಿಗೆ ಮೊದಲು ಹೆಚ್ಚು ಸಿಗಲೆಂದು ಅದೂ ಬಯಸಿತ್ತು. ಕಂಪೆನಿಯ ಹಿರಿಯರೂ ಮೋಸ ಮಾಡಬೇಕೆಂದು ಹೊರಟವರಲ್ಲ. ನಾಳೆ ಮಳೆ ಬರುತ್ತದೆಂದು ಎಲ್ಲರೂ ನಂಬಿದರು, ಅಷ್ಟೆ. ಆದರೆ ಕೆರೆ ಅರ್ಧವೇ ತುಂಬಿದೆಯೆಂದು ತೂಬಿನ ತುದಿಯ ಗದ್ದೆಯವನಿಗೆ ಯಾರಾದರೂ ಬಿಡಿಸಿ ಹೇಳಬೇಕಾಗಿತ್ತು. ಹೇಳಿದ್ದರೆ ಅವನು ಬೇರೆ ಬಾವಿ ತೋಡಿಕೊಳ್ಳುತ್ತಿದ್ದನೋ ಏನೋ.

ಸೌತ್ ಬೆಂಡಿನ ಈ ಅಳಲು ರಾಜಧಾನಿಗೆ ಮುಟ್ಟಿತು. 1964ರಲ್ಲೇ ಇಂಡಿಯಾನಾದ ಸೆನೆಟರ್ ವಾನ್ಸ್ ಹಾರ್ಟ್ಕೆ ಪಿಂಚಣಿ ನಿಧಿಗಳಿಗೆ ವಿಮೆ ಬೇಕೆಂಬ ಮಸೂದೆ ತಂದರು. ನ್ಯೂಯಾರ್ಕಿನ ಸೆನೆಟರ್ ಜೇಕಬ್ ಜಾವಿಟ್ಸ್ ವರ್ಷಗಟ್ಟಲೆ ಈ ವಿಷಯದ ಬೆನ್ನು ಬಿಡಲಿಲ್ಲ. ಹತ್ತು ವರ್ಷಗಳ ವಾದವಿವಾದದ ಬಳಿಕ, 1974ರ ಸೆಪ್ಟೆಂಬರ್ 2ರಂದು, ಆ ದೇಶದ ಕಾರ್ಮಿಕರ ದಿನದಂದೇ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರು ನಿವೃತ್ತಿ ಆದಾಯದ ಭದ್ರತೆಯ ಶಾಸನಕ್ಕೆ ಸಹಿ ಹಾಕಿದರು. ಖಾಸಗಿ ಕಂಪೆನಿಗಳು ಪಿಂಚಣಿಯ ಮಾತು ಕೊಟ್ಟರೆ ಅದಕ್ಕೆ ತಕ್ಕ ಹಣವನ್ನು ತೆಗೆದಿಡಬೇಕು. ಇಷ್ಟು ವರ್ಷ ದುಡಿದವನ ಹಕ್ಕು ಕೆಲಸ ಹೋದರೂ ಹೋಗಬಾರದು. ನಿಧಿ ಬತ್ತಿದರೆ ಒಂದು ಮಿತಿಯವರೆಗೆ ಕೊಡಲು ಸರ್ಕಾರಿ ವಿಮಾ ನಿಗಮವೊಂದಿರಬೇಕು. ಯೋಜನೆಯ ನಿಜಸ್ಥಿತಿಯನ್ನು ದುಡಿಯುವವರಿಗೆ ಅರ್ಥವಾಗುವ ಮಾತಿನಲ್ಲಿ ಬರೆದು ತಿಳಿಸಬೇಕು ಎಂದು ಅದು ವಿಧಿಸಿತು. ಸ್ಟುಡಿಬೇಕರ್ ಒಂದರಿಂದಲೇ ಇದು ಆಯಿತೆನ್ನುವುದು ಅತಿಶಯ. ಆದರೆ ಆ ಹೆಸರು ಹೇಳದೆ ಈ ಶಾಸನದ ಚರಿತ್ರೆಯನ್ನು ಯಾರೂ ಹೇಳುವುದಿಲ್ಲ. ನೂರಕ್ಕೆ ಹದಿನೈದು ಪಡೆದ ಆ ನಾಲ್ಕು ಸಾವಿರ ಜನಕ್ಕೆ ಮಾತ್ರ ಶಾಸನದಿಂದ ಕಳೆದದ್ದು ಮರಳಲಿಲ್ಲ. ಅವರ ಬಾಯಾರಿಕೆಯಿಂದ ಬೇರೆಯವರ ಕೆರೆಗೆ ಕಟ್ಟೆ ಬಿತ್ತು.

ನಮ್ಮ ಭಾಷೆಯಲ್ಲಿ ಮಾತನ್ನು ‘ಕೊಡು’ತ್ತೇವೆ, ಕೊಟ್ಟ ಮೇಲೆ ‘ಉಳಿಸಿಕೊಳ್ಳು’ತ್ತೇವೆ. ಕೊಟ್ಟುಬಿಟ್ಟದ್ದನ್ನು ಉಳಿಸಿಕೊಳ್ಳುವುದು ಹೇಗೆಂದು ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಪುಣ್ಯಕೋಟಿಯ ಕಥೆ ಹೇಳಿ ಅವನನ್ನು ಅಂದು ಒಪ್ಪಿಸಿದೆ. ಈಗ ಕೇಳಿದರೆ ಇನ್ನೊಂದು ಮಾತನ್ನು ಸೇರಿಸುತ್ತೇನೆ. ಹುಲಿಯ ಮುಂದೆ ಹಿಂದಿರುಗಿ ನಿಲ್ಲುವ ಧೈರ್ಯ ಎಲ್ಲರಿಗೂ ಬರುವಂಥದಲ್ಲ. ನನ್ನ ಕೈಲಿ ಇಷ್ಟಿದೆ, ಇಷ್ಟಿಲ್ಲ ಎಂದು ಮೊದಲೇ ಹೇಳುವುದು ಮಾತ್ರ ಎಲ್ಲರಿಗೂ ಸಾಧ್ಯ. ಮಾತು ಉಳಿಯುವುದು ಬಹುಪಾಲು ಅಲ್ಲಿಯೇ.

ಅಂದು ಸಂಜೆ ವಸ್ತುಸಂಗ್ರಹಾಲಯದಿಂದ ಮರಳುವಾಗ ಮತ್ತೊಮ್ಮೆ ಮೈದಾನದ ಕಡೆಗೆ ಹೋದೆವು. ಮೋಡ ಕವಿದಿತ್ತು. ಹಿರಿಯರು ಕಾರಿನ ಹೊದಿಕೆಯನ್ನು ಎಳೆದು ಕೂಡಿಸುತ್ತಿದ್ದರು. ಕೊಳ್ಳುವ ಆಸೆಯಿಂದ ಬಂದ ಯುವದಂಪತಿಗಳಿಬ್ಬರು ಗಾಜಿನ ಮೇಲಿನ ಕಾಗದವನ್ನು ಓದುತ್ತಿದ್ದರು. ಹನಿ ಬೀಳುವ ಬಲ ಮೂಲೆ ಎಲ್ಲಿ ಎಂದು ಹೆಣ್ಣುಮಗಳು ಕೇಳಿದಳು. ಹಿರಿಯರು ಬಾಗಿಲು ತೆರೆದು, ಅವಳನ್ನು ಆ ಬದಿಯ ಆಸನದಲ್ಲೇ ಕೂರಿಸಿ, ಬೆರಳಿಟ್ಟು ತೋರಿಸಿದರು. ಗಾಡಿ ಅಂದು ಮಾರಿಹೋಯಿತೋ ಇಲ್ಲವೋ ನೋಡಲು ನಾವು ನಿಲ್ಲಲಿಲ್ಲ. ದಾರಿಯಲ್ಲಿ ಮಳೆ ಹಿಡಿಯಿತು.